ಶಾರ್ಕ್‌ಗಳ ಲೋಕಕ್ಕಿಳಿದ ಜಾಕ್ ಕೂಸ್ತೊ

ಕಡಲಾಳದ ಲೋಕವನ್ನು ಜನಸಾಮಾನ್ಯರಿಗೆ ಪರಿಚಯಿಸಿದವರಲ್ಲಿ ಫ್ರಾನ್ಸ್‌ನ ಜಾಕ್ ಈವ್ ಕೂಸ್ತೊ ಅಗ್ರಗಣ್ಯರು. ಶಾರ್ಕ್‌ಗಳ ಹತ್ಯೆಯ ದೃಶ್ಯವಿದ್ದ ಚಲನಚಿತ್ರದಿಂದ ವಿಶ್ವಖ್ಯಾತಿ ಪಡೆದ ಅವರೇ ಮುಂದೆ ಸಾಗರ ಸಂರಕ್ಷಣೆಯ ಧ್ವನಿಯಾದದ್ದು ಗಮನಾರ್ಹ.

ಕೂಸ್ತೊ ಜನಿಸಿದ್ದು 1910ರ ಜೂನ್ 11ರಂದು, ಬೋರ್ಡೊ ನಗರದ ಸಮೀಪ. ನೌಕಾಪಡೆ ಸೇರಿದ ಅವರಿಗೆ ವಿಮಾನ ಚಾಲಕನಾಗುವ ಹಂಬಲವಿತ್ತು. 1936ರ ಕಾರು ಅಪಘಾತ ಆ ಕನಸನ್ನು ಮುರಿಯಿತು. ಪೆಟ್ಟಾದ ತೋಳುಗಳಿಗೆ ಬಲ ತುಂಬಲು ತುಲೋನ್‌ನ ಕಡಲಲ್ಲಿ ಈಜತೊಡಗಿದ ಅವರನ್ನು ನೀರೊಳಗಿನ ನೋಟ ಸೆರೆಹಿಡಿಯಿತು.

1943ರಲ್ಲಿ ಎಂಜಿನಿಯರ್ ಎಮಿಲ್ ಗ್ಯಾನ್ಯಾನ್ ಅವರೊಂದಿಗೆ ಕೂಸ್ತೊ ‘ಅಕ್ವಾಲಂಗ್’ ರೂಪಿಸಿದರು. ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಸಮನಾಗಿ ಗಾಳಿ ಒದಗಿಸುವ ಸಾಧನವಿದು. ಹಡಗಿನಿಂದ ಗಾಳಿಕೊಳವೆ ಇಳಿಬಿಡುವ ಕಟ್ಟುಪಾಡು ಇದರಿಂದ ತಪ್ಪಿತು. ಕೇಪ್ ವರ್ಡ್ ದ್ವೀಪಗಳ ಬಳಿ ಸಂಗಾತಿ ಫ್ರೆಡೆರಿಕ್ ದ್ಯುಮಾ ಅವರೊಂದಿಗೆ ಶಾರ್ಕ್‌ಗಳ ನಡುವೆ ಸಿಲುಕಿದಾಗ, ಮೇಲೆರಗಿ ಬಂದ ಶಾರ್ಕ್‌ನ ಮೂತಿಗೆ ಕೂಸ್ತೊ ಕ್ಯಾಮೆರಾದಿಂದಲೇ ಗುದ್ದಿ ಪಾರಾದರು.

1950ರಲ್ಲಿ ಹಳೆಯ ಮೈನ್‌ಸ್ವೀಪರ್ ಹಡಗು ‘ಕ್ಯಾಲಿಪ್ಸೊ’ ಅವರ ಕೈಸೇರಿತು. ಅದರಲ್ಲಿ ಕೆಂಪು ಸಮುದ್ರ ಹಾಗೂ ಹಿಂದೂ ಮಹಾಸಾಗರ ಸುತ್ತಿ ಚಿತ್ರಿಸಿದ ‘ದಿ ಸೈಲೆಂಟ್ ವರ್ಲ್ಡ್’ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನೂ ನಂತರ ಆಸ್ಕರ್ ಅನ್ನೂ ಗಳಿಸಿತು. ಲೂಯಿ ಮಾಲ್ ಇದರ ಸಹನಿರ್ದೇಶಕರು. ಸೀಷೆಲ್ಸ್‌ನ ದೂರದ ಅಸಂಪ್ಷನ್ ದ್ವೀಪದಲ್ಲಿ ಮುಳುಗುಗಾರರೊಡನೆ ಸಲುಗೆ ಬೆಳೆಸಿಕೊಂಡ ದೊಡ್ಡ ಮೀನೊಂದು ಪ್ರೇಕ್ಷಕರ ಮನಗೆದ್ದಿತು. ಅದೇ ಚಿತ್ರದಲ್ಲಿ ಮತ್ತೊಂದು ದೃಶ್ಯವೂ ಇದೆ. ಹಡಗಿಗೆ ಸಿಕ್ಕು ಗಾಯಗೊಂಡು ಸತ್ತ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕ್‌ಗಳನ್ನು ಸಿಬ್ಬಂದಿ ಮೇಲೆಳೆದು ಬಡಿದು ಕೊಂದರು. ಮರಿಯ ಸಾವಿಗೆ ಕಾರಣವಾದದ್ದು ಹಡಗು; ಶಿಕ್ಷೆಯಾದದ್ದು ಶಾರ್ಕ್‌ಗಳಿಗೆ.

ಕ್ರಮೇಣ ಕೂಸ್ತೊ ಅವರ ನಿಲುವು ಬದಲಾಯಿತು. 1960ರಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಪರಮಾಣು ತ್ಯಾಜ್ಯ ಸುರಿಯುವ ಯೋಜನೆಯನ್ನು ಅವರು ವಿರೋಧಿಸಿದರು. 1963ರಲ್ಲಿ ಸೂಡಾನ್‌ನ ಶಾಬ್ ರೂಮಿ ಹವಳದಿಬ್ಬದಲ್ಲಿ ಅವರ ತಂಡದವರು ಸುಮಾರು 10 ಮೀಟರ್ ಆಳದ ಮನೆಯಲ್ಲಿ ಒಂದು ತಿಂಗಳು ವಾಸಿಸಿದರು. 1970ರಲ್ಲಿ ಮಗ ಫಿಲಿಪ್ ಜತೆಗೂಡಿ ಶಾರ್ಕ್‌ಗಳ ಬಗ್ಗೆಯೇ ಗ್ರಂಥ ಪ್ರಕಟಿಸಿದರು. 1973ರಲ್ಲಿ ಕೂಸ್ತೊ ಸೊಸೈಟಿ ಸ್ಥಾಪನೆಯಾಯಿತು. 1979ರಲ್ಲಿ ಫಿಲಿಪ್ ವಿಮಾನ ಅಪಘಾತಕ್ಕೆ ಬಲಿಯಾದರು. ಆ ಆಘಾತದ ನಂತರವೂ ಕೂಸ್ತೊ ಕಾರ್ಯ ನಿಲ್ಲಿಸಲಿಲ್ಲ.

1996ರಲ್ಲಿ ಸಿಂಗಪುರದ ಬಂದರಿನಲ್ಲಿ ಕ್ಯಾಲಿಪ್ಸೊ ಮುಳುಗಿತು. 1997ರ ಜೂನ್ 25ರಂದು ಪ್ಯಾರಿಸ್‌ನಲ್ಲಿ ಕೂಸ್ತೊ ಕಣ್ಮುಚ್ಚಿದರು.

ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮುಳುಗುಗಾರರು ಉಸಿರಾಡುವುದು ಅಕ್ವಾಲಂಗ್‌ನ ತತ್ತ್ವದಿಂದಲೇ. ಆದರೆ 1970ರಿಂದೀಚೆಗೆ ವಿಶ್ವದ ತೆರೆದ ಸಾಗರಗಳಲ್ಲಿ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ ಶೇ 71ರಷ್ಟು ಕುಸಿದಿರುವುದನ್ನು 2021ರ ಅಧ್ಯಯನವೊಂದು ತೋರಿಸಿದೆ. ಅತಿಯಾದ ಮೀನುಗಾರಿಕೆಯೇ ಇದಕ್ಕೆ ಮುಖ್ಯ ಕಾರಣ. ಕೂಸ್ತೊ ತೆರೆದ ಬಾಗಿಲಿನಿಂದ ಇಳಿಯುವವರು ಬಹಳ ಮಂದಿ. ಅವರು ತಡವಾಗಿ ಕಲಿತ ಪಾಠವೂ ಅಷ್ಟೇ ಮಂದಿಗೆ ತಲುಪಬೇಕಾಗಿದೆ.