ನಕ್ಷೆಯಲ್ಲಿ ಇಲ್ಲದ ನಾಡಿನ ಚರಿತ್ರೆ ಬರೆದ ಆಲೂರು ವೆಂಕಟರಾಯರು

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರ, ಟಿಪ್ಪು ಬೇಸಿಗೆ ಅರಮನೆಯ ಪಕ್ಕ ಹಾದು ಹೋಗುವ ಎ.ವಿ. ರಸ್ತೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತೆ. ನಾನು ಎಂಜಿನಿಯರಿಂಗ್ ಓದುವಾಗ ಅಲ್ಲಿ ಬಸ್ಸಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಎ.ವಿ. ಅಂದ್ರೆ ಯಾರು ಅಂತ ಒಂದು ದಿನಾನೂ ಯೋಚಿಸಿರಲಿಲ್ಲ. ಅದು ಮೊದಲು ಆಲ್ಬರ್ಟ್ ವಿಕ್ಟರ್ ರಸ್ತೆ, ವಿಕ್ಟೋರಿಯಾ ರಾಣಿಯ ಮೊಮ್ಮಗನ ಹೆಸರು. ಆಮೇಲೆ ಅದಕ್ಕೆ ಆಲೂರು ವೆಂಕಟರಾವ್ ರಸ್ತೆ ಅಂತ ಹೆಸರಿಟ್ಟರು. ಮೊದಲಕ್ಷರ ಎರಡೂ ಹಾಗೇ ಉಳಿದದ್ದರಿಂದ ಜನರ ಬಾಯಲ್ಲಿ ಏನೂ ಬದಲಾಗಲಿಲ್ಲ, ಹೊಸ ಹೆಸರಿನವರು ಯಾರು ಅಂತ ಕೇಳುವ ಗೋಜಿಗೂ ಯಾರೂ ಹೋಗಲಿಲ್ಲ.

ಪ್ರತಿ ನವೆಂಬರಿನಲ್ಲಿ ನಾವು ಇಲ್ಲಿ ರಾಜ್ಯೋತ್ಸವ ಮಾಡ್ತೀವಿ. ಹಾಲ್ ಸಿಗದಿದ್ದರೆ ಹದಿನೈದು ದಿನ ತಡ ಆಗುತ್ತೆ, ಬಿಸಿಬೇಳೆಭಾತ್ ಮಾತ್ರ ತಪ್ಪಲ್ಲ. ಹೋದ ವರ್ಷ ನನ್ನ ಲ್ಯಾಬಿನ ಜರ್ಮನ್ ಗೆಳೆಯನೊಬ್ಬ ಬಂದಿದ್ದ. ಅವನಿಗೆ ಫೋನಿನಲ್ಲಿ ಕರ್ನಾಟಕದ ನಕ್ಷೆ ತೋರಿಸಿದೆ. ಇದನ್ನು ಹೀಗೇ ಗೆರೆ ಎಳೆದವರು ಯಾರು ಅಂತ ಕೇಳಿದ. 1956 ಅಂತ ವರ್ಷ ಹೇಳಿದೆ, ಯಾರು ಅಂತ ಹೇಳೋಕೆ ಬರಲಿಲ್ಲ. ಆ ಪ್ರಶ್ನೆಗೆ ಒಬ್ಬರೇ ಉತ್ತರ ಅಲ್ಲ, ನಿಜ. ಆದರೆ ಯಾರಿಂದ ಶುರು ಮಾಡಬೇಕು ಅಂದರೆ ಆಲೂರು ವೆಂಕಟರಾಯರಿಂದಲೇ.

ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು, ವಿಜಾಪುರದಲ್ಲಿ. ಅವರು ಹುಟ್ಟಿದ ಕಾಲಕ್ಕೆ ಕರ್ನಾಟಕ ಅಂತ ಒಂದು ಆಡಳಿತದ ಹೆಸರೇ ಇರಲಿಲ್ಲ ಅನ್ನೋದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಮತ್ತು ನಿಜಾಮ ನೆಲ ಹಂಚಿಕೊಂಡರು, ಉಳಿದದ್ದು ಮೈಸೂರಿನ ಅರಸರಿಗೆ ಹೋಯಿತು. ಬಳ್ಳಾರಿಯನ್ನು ನಿಜಾಮ ಮರುವರ್ಷವೇ ಬ್ರಿಟಿಷರಿಗೆ ಬಿಟ್ಟುಕೊಟ್ಟ, ಅದು ಮದ್ರಾಸಿಗೆ ಸೇರಿತು. ಮಂಗಳೂರೂ ಮದ್ರಾಸಿಗೆ. 1818ರಲ್ಲಿ ಪೇಶ್ವೆ ಸೋತಾಗ ಧಾರವಾಡ, ಬೆಳಗಾವಿ ಕಡೆಯ ಭಾಗ ಮುಂಬಯಿಗೆ ಹೋಯಿತು. ಕೊಡಗು 1834ರಲ್ಲಿ ಬ್ರಿಟಿಷರ ಕೈಗೆ ಬಂತು. ಕಲಬುರಗಿ, ರಾಯಚೂರು, ಬೀದರ್ ನಿಜಾಮನ ಕೈಯಲ್ಲೇ ಉಳಿದವು. ನಡುವೆ ಜಮಖಂಡಿ, ಮುಧೋಳ, ಸವಣೂರು, ಸಂಡೂರಿನಂಥ ಪುಟ್ಟ ಸಂಸ್ಥಾನಗಳು. ಒಟ್ಟು ಇಪ್ಪತ್ತು ಆಡಳಿತ ಅಂತ ಲೆಕ್ಕ ಹೇಳ್ತಾರೆ. ಒಂದೇ ಭಾಷೆಯ ಜನರಿಗೆ ಒಂದೊಂದು ಕಡೆ ಒಂದೊಂದು ಕಚೇರಿ ಭಾಷೆ: ಇಲ್ಲಿ ಮರಾಠಿ, ಅಲ್ಲಿ ಉರ್ದು, ಇನ್ನೊಂದು ಕಡೆ ತಮಿಳು ತೆಲುಗಿನವರ ನಡುವೆ ಅಲ್ಪಸಂಖ್ಯಾತರು.

ಧಾರವಾಡದ ಕಡೆ ಪರಿಸ್ಥಿತಿ ಇನ್ನೂ ವಿಚಿತ್ರ. ಬ್ರಿಟಿಷರು ಆ ಭಾಗವನ್ನು ಕರೆಯುತ್ತಿದ್ದದ್ದೇ ದಕ್ಷಿಣ ಮರಾಠಾ ಪ್ರದೇಶ ಅಂತ. ಅಲ್ಲಿ ಬಂದ ರೈಲು ಕಂಪನಿಗೂ ಸದರ್ನ್ ಮರಾಠಾ ರೈಲ್ವೆ ಅಂತಲೇ ಹೆಸರು. ಮನೆಯಲ್ಲಿ ಕನ್ನಡ ಮಾತಾಡುವ ಓದಿದವರು ಕಾಗದ ಬರೆಯುವಾಗ ಮರಾಠಿಗೆ ಹೊರಳುತ್ತಿದ್ದರು. ಇನ್ನೂ ಮುಂಚೆ ಶಾಲೆಗಳೂ ಮರಾಠಿಯಲ್ಲೇ ನಡೀತಿದ್ದವು. ಅವುಗಳಲ್ಲಿ ಕನ್ನಡ ತರಲು ಡೆಪ್ಯುಟಿ ಚನ್ನಬಸಪ್ಪನವರು ಜೀವನವನ್ನೇ ಸವೆಸಿದರು. 1890ರಲ್ಲಿ ರಾ.ಹ. ದೇಶಪಾಂಡೆಯವರ ಮುಂದಾಳತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ವೆಂಕಟರಾಯರು ಆಗ ಹತ್ತು ವರ್ಷದ ಹುಡುಗ.

ಮುಂದೆ ಅವರು ಓದಲು ಹೋದದ್ದು ಪುಣೆಯ ಫರ್ಗ್ಯುಸನ್ ಕಾಲೇಜಿಗೆ. ಮನೆ ಬಿಟ್ಟು ಬೇರೆ ಭಾಷೆಯ ಊರಿಗೆ ಓದಲು ಹೋದ ಹುಡುಗ ಅಂದಾಗ ನಮಗೆ ಅವರು ಸ್ವಲ್ಪ ಹತ್ತಿರ ಆಗ್ತಾರೆ. ಪುಣೆಯಲ್ಲಿ ಅದು ಮರಾಠಿಗರು ತಮ್ಮ ಚರಿತ್ರೆಯನ್ನು ಅಗೆದು ತೆಗೆಯುತ್ತಿದ್ದ ಕಾಲ. ತಿಲಕರು ಶಿವಾಜಿ ಉತ್ಸವ ಶುರು ಮಾಡಿದ್ದರು, ನ್ಯಾಯಮೂರ್ತಿ ರಾನಡೆಯವರು 1900ರಲ್ಲಿ ಮರಾಠಾ ಶಕ್ತಿ ಹೇಗೆ ಎದ್ದಿತು ಅಂತ ಪುಸ್ತಕ ಬರೆದರು, ರಾಜವಾಡೆಯವರು ಹಳೆಯ ಕಾಗದಪತ್ರ ಹುಡುಕಿ ಅಚ್ಚು ಹಾಕಿಸುತ್ತಿದ್ದರು. ಅದನ್ನೆಲ್ಲ ನೋಡಿದ ಕನ್ನಡದ ಹುಡುಗನಿಗೆ ಎರಡು ದಾರಿ ಇದ್ದವು. ಒಂದು, ಆ ಚರಿತ್ರೆಯನ್ನೇ ತನ್ನದು ಅಂದುಕೊಂಡು ಸುಮ್ಮನಾಗೋದು. ಆಗ ಬಹಳ ಜನ ಮಾಡಿದ್ದು ಅದೇ. ಇನ್ನೊಂದು, ನಮ್ಮದು ಎಲ್ಲಿ ಅಂತ ಕೇಳೋದು. ವೆಂಕಟರಾಯರು ಕೇಳಿದರು, ಮರಾಠಿಗರ ಮೇಲೆ ಸಿಟ್ಟಿನಿಂದಲ್ಲ. ತಿಲಕರ ಬಗ್ಗೆ ಅವರಿಗೆ ಎಷ್ಟು ಗೌರವ ಇತ್ತು ಅಂದರೆ ಮುಂದೆ ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರೇ ಇವರು.

ಬಿ.ಎ. ಆಯಿತು, ಮುಂಬಯಿಯಲ್ಲಿ ವಕೀಲಿ ಪರೀಕ್ಷೆ ಆಯಿತು, ಧಾರವಾಡಕ್ಕೆ ಬಂದು ವಕೀಲರಾದರು. ಆ ಹೊತ್ತಿಗೇ, 1905ರಲ್ಲಿ, ಹಂಪಿ ನೋಡಲು ಹೋದರು. ನಾವೂ ಹೋಗಿದ್ದೇವೆ, ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಬಂದಿದ್ದೇವೆ. ಅವರಿಗೆ ಆದದ್ದು ಬೇರೆ. ಆ ಹಾಳು ಕಂಬಗಳು, ಮುರಿದ ಮೂರ್ತಿಗಳನ್ನು ನೋಡಿದಾಗ ಕರ್ನಾಟಕ ಅನ್ನುವುದು ಒಂದು ದೇವಿಯ ರೂಪದಲ್ಲಿ ಮನಸ್ಸಿಗೆ ಬಂದು ನಿಂತಿತು, ಅಲ್ಲಿಂದ ಮುಂದಿನ ಬದುಕೆಲ್ಲ ಅದಕ್ಕೇ ಹೋಯಿತು ಅಂತ ತಮ್ಮ ಜೀವನ ಸ್ಮೃತಿಗಳಲ್ಲಿ ಬರೆದುಕೊಂಡಿದ್ದಾರೆ. ಅದೇ ವರ್ಷ ಬಂಗಾಳವನ್ನು ಎರಡು ಮಾಡಿದ್ದಕ್ಕೆ ದೇಶವೆಲ್ಲ ಎದ್ದು ನಿಂತಿತ್ತು. ಎರಡು ತುಂಡಾದದ್ದಕ್ಕೆ ಅಷ್ಟು ನೋವಾದರೆ ಇಪ್ಪತ್ತು ತುಂಡಾದ ನಮಗೆ ಯಾಕೆ ಏನೂ ಅನಿಸುತ್ತಿಲ್ಲ ಅನ್ನುವ ಪ್ರಶ್ನೆ ಅವರನ್ನು ಕಾಡಿತು. ಆಗ ಅವರಿಗೆ ಇಪ್ಪತ್ತೈದು ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು.

ಏನೂ ಅನಿಸದೇ ಇದ್ದದ್ದಕ್ಕೆ ಕಾರಣ ಏನು ಅಂತ ಅವರು ಸರಿಯಾಗೇ ಹಿಡಿದರು: ಜನರಿಗೆ ಗೊತ್ತೇ ಇರಲಿಲ್ಲ. ಬಾದಾಮಿಯ ಪುಲಕೇಶಿ ಉತ್ತರದ ಹರ್ಷನನ್ನು ನರ್ಮದೆಯ ಹತ್ತಿರ ತಡೆದದ್ದು, ರಾಷ್ಟ್ರಕೂಟರು ಕನೌಜಿನವರೆಗೆ ಹೋಗಿದ್ದು, ಇದೆಲ್ಲ ಶಾಸನಗಳಲ್ಲಿತ್ತು. ಶಾಸನ ಓದಿ ಅರ್ಥ ಬಿಡಿಸಿದವರೂ ಇದ್ದರು. ಆದರೆ ಫ್ಲೀಟ್, ರೈಸ್, ಸೀವೆಲ್ ಬರೆದದ್ದೆಲ್ಲ ಇಂಗ್ಲಿಷಿನಲ್ಲಿ, ದಪ್ಪ ದಪ್ಪ ಸಂಪುಟಗಳಲ್ಲಿ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡನಾಡು ಅಂತ ಸಾವಿರ ವರ್ಷದ ಹಿಂದೆಯೇ ಹೇಳಿದ ಕವಿರಾಜಮಾರ್ಗ ಅಚ್ಚಾಗಿ ಹೊರಬಂದದ್ದೇ 1898ರಲ್ಲಿ. ಒಂಬತ್ತನೇ ಶತಮಾನದ ಪುಸ್ತಕ, ವೆಂಕಟರಾಯರು ವಿದ್ಯಾರ್ಥಿಯಾಗಿದ್ದಾಗ ಹೊಸ ಪುಸ್ತಕ! ಧಾರವಾಡದ ಒಬ್ಬ ಶಾಲೆಯ ಹುಡುಗನ ಕೈಗೆ ಇದ್ಯಾವುದೂ ತಲುಪುವ ಹಾಗಿರಲಿಲ್ಲ.

ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಯ ಕೆಲಸ ವಹಿಸಿಕೊಂಡರು. ವಿದ್ಯಾರಣ್ಯರ ಚರಿತ್ರೆ ಬರೆದರು. ಬೇರೆ ಬೇರೆ ಆಡಳಿತಗಳ ಕೆಳಗಿದ್ದ ಕನ್ನಡದ ಬರಹಗಾರರನ್ನು ಧಾರವಾಡದಲ್ಲಿ ಒಂದು ಕಡೆ ಸೇರಿಸಿದರು. 1915ರಲ್ಲಿ ಬೆಂಗಳೂರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಇಂಥ ಸಭೆಗಳೇ ನೆಲ ಹದ ಮಾಡಿದ್ದವು. ಇದರ ನಡುವೆಯೇ ವರ್ಷಗಟ್ಟಲೆ ಕೂತು ಓದಿ, ಊರೂರು ತಿರುಗಿ, 1917ರಲ್ಲಿ ಹೊರತಂದ ಪುಸ್ತಕ ಕರ್ನಾಟಕ ಗತವೈಭವ.

ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಅಂತ ನಾವು ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಆ ಸಾಲನ್ನು ಒಂದೇ ಜನರ ಒಂದೇ ಕಥೆಯಾಗಿ ಕನ್ನಡದಲ್ಲಿ, ಸಾಮಾನ್ಯರು ಓದುವ ಹಾಗೆ, ವಿಜಯನಗರ ಬೀಳುವವರೆಗೆ ಹೇಳಿದ್ದು ಈ ಪುಸ್ತಕ. ಇವತ್ತು ಅದು ಸಹಜ ಅನಿಸುತ್ತೆ. ಆದರೆ ಯೋಚನೆ ಮಾಡಿ, ಬನವಾಸಿ ಮುಂಬಯಿ ಪ್ರಾಂತದಲ್ಲಿ, ಮಳಖೇಡ ನಿಜಾಮನಲ್ಲಿ, ಹಳೇಬೀಡು ಮೈಸೂರಿನಲ್ಲಿ, ಹಂಪಿ ಮದ್ರಾಸಿನಲ್ಲಿ. ಇವು ನಾಲ್ಕೂ ಒಂದೇ ಚರಿತ್ರೆಯ ಅಧ್ಯಾಯಗಳು ಅಂತ ಹೇಳುವುದೇ ಆಗ ಒಂದು ರಾಜಕೀಯ ಮಾತು. ನಕ್ಷೆ ಬರುವ ಮೊದಲೇ ಚರಿತ್ರೆಯ ಪುಸ್ತಕ ಬಂತು. ನಾವು ಎಂಜಿನಿಯರುಗಳು ಮೊದಲು ಡ್ರಾಯಿಂಗ್, ಆಮೇಲೆ ಕಟ್ಟಡ ಅಂತೀವಿ. ಇಲ್ಲಿ ಡ್ರಾಯಿಂಗ್ ಅಂದ್ರೆ ಈ ಪುಸ್ತಕ, ಕಟ್ಟಡ ಬರೋಕೆ ಇನ್ನೂ 39 ವರ್ಷ ಬೇಕಾಯಿತು.

ಪುಸ್ತಕದಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಹೆಸರೇ ಹೇಳುವ ಹಾಗೆ ಅದು ವೈಭವದ ಪುಸ್ತಕ. ರಾಜರು, ಗೆಲುವು, ದೇವಾಲಯ, ದೊಡ್ಡ ದೊಡ್ಡ ಪಂಡಿತರು ತುಂಬಾ ಇದ್ದಾರೆ. ಆ ದೇವಾಲಯಕ್ಕೆ ಕಲ್ಲು ಹೊತ್ತವರು, ಹೊಲ ಉತ್ತವರು, ಹೆಂಗಸರು ಕಡಿಮೆ. ಕನ್ನಡ ತಾಯಿಯನ್ನು ದೇವಿಯಾಗಿ ಕಂಡಾಗ ಆ ದೇವಿಯ ಗುಡಿಗೆ ಯಾರ್ಯಾರಿಗೆ ಪ್ರವೇಶ ಇತ್ತು ಅನ್ನುವ ಪ್ರಶ್ನೆ ಇವತ್ತಿನ ನಮಗೆ ಬಂದೇ ಬರುತ್ತೆ. ಇದನ್ನು ಹೇಳದೆ ಬರೀ ಹೊಗಳಿದರೆ ಭಾಷಣ ಆಗುತ್ತೆ. ಆದರೆ ಒಂದು ಮಾತು: ತಮ್ಮ ಭಾಷೆ ಮಾತಾಡಲಿಕ್ಕೇ ನಾಚುತ್ತಿದ್ದ ಜನರಿಗೆ ಮೊದಲು ಬೇಕಾದದ್ದು ತಲೆ ಎತ್ತುವ ಧೈರ್ಯ, ಅದನ್ನು ಆ ಪುಸ್ತಕ ಕೊಟ್ಟಿತು. ಕೊರತೆ ತುಂಬುವ ಕೆಲಸವನ್ನು ಮುಂದಿನವರು ಮಾಡಿದರು, ಇನ್ನೂ ಮಾಡ್ತಿದ್ದಾರೆ.

ಬರೆದು ಸುಮ್ಮನೆ ಕೂರುವ ಸ್ವಭಾವ ಅವರದ್ದಲ್ಲ. ಪುಸ್ತಕಕ್ಕೂ ಒಂದು ವರ್ಷ ಮೊದಲೇ, 1916ರಲ್ಲಿ, ಗೆಳೆಯರ ಜೊತೆ ಧಾರವಾಡದಲ್ಲಿ ಕರ್ನಾಟಕ ಸಭೆ ಕಟ್ಟಿದ್ದರು. 1920ರಲ್ಲಿ ಧಾರವಾಡದಲ್ಲೇ ರಾಜಕೀಯ ಪರಿಷತ್ತು ನಡೆಯಿತು, ಅದೇ ವರ್ಷ ನಾಗಪುರ ಕಾಂಗ್ರೆಸ್ಸಿನಲ್ಲಿ ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತ ಸಮಿತಿ ಸಿಕ್ಕಿತು. ಸರ್ಕಾರದ ನಕ್ಷೆಯಲ್ಲಿ ಇಲ್ಲದ ಕರ್ನಾಟಕ ಕಾಂಗ್ರೆಸ್ಸಿನ ನಕ್ಷೆಯಲ್ಲಿ ಬಂದುಬಿಟ್ಟಿತು! 1922ರಲ್ಲಿ ಜಯಕರ್ನಾಟಕ ಅನ್ನುವ ಮಾಸಪತ್ರಿಕೆ ಶುರು ಮಾಡಿದರು, ಅದು ಮುಂದೆ ಬೇಂದ್ರೆ ಮತ್ತವರ ಗೆಳೆಯರ ಕೈಗೆ ಹೋಗಿ ಇನ್ನೊಂದು ದೊಡ್ಡ ಕಥೆಯಾಯಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ ನಡೆದಾಗ ಅಲ್ಲೇ ಏಕೀಕರಣದ ಮೊದಲ ಸಮ್ಮೇಳನವೂ ಆಯಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ವೆಂಕಟರಾಯರೇ ಅಧ್ಯಕ್ಷರು. ಧಾರವಾಡದವರನ್ನು ಮೈಸೂರು ಕರೆದು ಕೂರಿಸಿತು ಅನ್ನೋದು ಆ ಕಾಲಕ್ಕೆ ಸಣ್ಣ ವಿಷಯ ಅಲ್ಲ.

ಯಾಕೆ ಅಂದರೆ ಏಕೀಕರಣಕ್ಕೆ ಅಡ್ಡಿ ಬರೀ ಹೊರಗಿನವರಿಂದ ಬರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನ ಕೆಲವು ನಾಯಕರಿಗೆ ಇದು ಬೇಡವಾಗಿತ್ತು. ನಮ್ಮ ಸಂಸ್ಥಾನ ಚೆನ್ನಾಗಿದೆ, ಆಣೆಕಟ್ಟು ಇದೆ, ಕಾರ್ಖಾನೆ ಇದೆ, ಬಡ ಜಿಲ್ಲೆಗಳನ್ನು ಯಾಕೆ ಕಟ್ಟಿಕೊಳ್ಳಬೇಕು ಅನ್ನುವ ಲೆಕ್ಕಾಚಾರ, ಜಾತಿಯ ಬಲಾಬಲ ಬದಲಾಗುತ್ತೆ ಅನ್ನುವ ಭಯ. ನಮ್ಮ ಸಂಘದಲ್ಲೂ ಹುಬ್ಬಳ್ಳಿಯವರ ಕನ್ನಡಕ್ಕೆ ಬೆಂಗಳೂರಿನವರು ನಗೋದು, ಬೆಂಗಳೂರಿನವರ ಕಂಗ್ಲಿಷಿಗೆ ಮಂಗಳೂರಿನವರು ನಗೋದು ಇದೆ, ಅದು ತಮಾಷೆ. ಆಗ ಅದು ತಮಾಷೆಯಾಗಿರಲಿಲ್ಲ. 1953ರಲ್ಲಿ ಆಂಧ್ರ ಬೇರೆಯಾದಾಗ ಬಳ್ಳಾರಿಯ ತಾಲ್ಲೂಕುಗಳು ಮೈಸೂರಿಗೆ ಬಂದವು. ಫಜಲ್ ಅಲಿ ಆಯೋಗ ಕೂತಿತು, 1955ರಲ್ಲಿ ವರದಿ ಕೊಟ್ಟಿತು, 1956ರ ನವೆಂಬರ್ 1ಕ್ಕೆ ಕನ್ನಡದ ಬಹುಪಾಲು ಜಿಲ್ಲೆಗಳು ಒಂದಾದವು. ಕಾಸರಗೋಡು ಕೇರಳಕ್ಕೆ ಹೋಯಿತು, ಆ ನೋವು ಅಲ್ಲಿನವರಿಗೆ ಇವತ್ತಿಗೂ ಇದೆ.

ಆ ದಿನ ವೆಂಕಟರಾಯರಿಗೆ 76 ವರ್ಷ. ಅವರು ಹಂಪಿಗೆ ಹೋಗಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಇಪ್ಪತ್ತೈದರ ವಕೀಲನಾಗಿ ಹಾಳು ನೋಡಿದ ಜಾಗಕ್ಕೇ, ಐವತ್ತೊಂದು ವರ್ಷ ಆದ ಮೇಲೆ. ಆದರೆ ಹೊಸ ರಾಜ್ಯದ ಹೆಸರು ಮೈಸೂರು ಅಂತಲೇ ಇತ್ತು. ಯಾವ ಹೆಸರಿಗಾಗಿ ಪುಸ್ತಕ, ಪತ್ರಿಕೆ, ಸಭೆ ಎಲ್ಲ ಮಾಡಿದರೋ ಆ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅವರು ಅದನ್ನು ನೋಡಲಿಲ್ಲ. 1964ರ ಫೆಬ್ರವರಿ 25ರಂದು ತೀರಿಕೊಂಡಿದ್ದರು. ಜನ ಅವರನ್ನು ಕನ್ನಡ ಕುಲಪುರೋಹಿತ ಅಂತ ಕರೆದರು, ಧಾರವಾಡದಲ್ಲಿ ಅವರ ಹೆಸರಿನ ಭವನ ಇದೆ.

ಕರ್ನಾಟಕ ಗತವೈಭವ ಮತ್ತೆ ಮತ್ತೆ ಅಚ್ಚಾಗಿದೆ. ಭಾಷೆ ಸ್ವಲ್ಪ ಹಳೇದು, ಸಂಸ್ಕೃತ ಜಾಸ್ತಿ. ಮೊದಲ ಇಪ್ಪತ್ತು ಪುಟ ನಾನೂ ತಡವರಿಸಿಕೊಂಡೇ ಓದಿದೆ, ಆಮೇಲೆ ಓಡುತ್ತೆ. ಹೋದ ಸಲ ಊರಿಗೆ ಹೋದಾಗ ತಂದ ಒಂದು ಪ್ರತಿ ನನ್ನ ಹತ್ತಿರ ಇದೆ. ರಜೆಯಲ್ಲಿ ಓದಬೇಕು ಅನಿಸಿದವರು ಕೇಳಿ ತಗೊಳ್ಳಿ, ವಾಪಸ್ ಮಾತ್ರ ಕೊಡಿ.