ಡಾ. ವಿಕ್ರಮ ಸಾರಾಭಾಯಿ

ಭಾರತದ ಅಂತರಿಕ್ಷ ಸಂಶೋಧನೆಯ ಜನಕರೆಂದು ಪ್ರಖ್ಯಾತರಾದ ಡಾ. ವಿಕ್ರಮ ಸಾರಾಭಾಯಿಯವರು 1919ರ ಆಗಸ್ಟ್ 12ರಂದು ಅಹಮದಾಬಾದಿನ ಗಿರಣಿ ಮಾಲೀಕರ ಮನೆತನದಲ್ಲಿ ಜನಿಸಿದರು. ತಂದೆ ಅಂಬಾಲಾಲರೂ ತಾಯಿ ಸರಳಾದೇವಿಯವರೂ ಮಕ್ಕಳಿಗಾಗಿ ಮನೆಯಲ್ಲಿಯೇ ಶಾಲೆಯನ್ನು ತೆರೆದಿದ್ದರು. ಸಿರಿತನವು ಅವರಿಗೆ ಹುಟ್ಟಿನಿಂದಲೇ ಬಂದುದು, ಅದನ್ನು ಮರೆಮಾಚಬೇಕಾಗಿಲ್ಲ.

ಕೇಂಬ್ರಿಜ್ಜಿನಲ್ಲಿ ಓದುತ್ತಿದ್ದ ಅವರನ್ನು ಎರಡನೆಯ ಮಹಾಯುದ್ಧವು ಸ್ವದೇಶಕ್ಕೆ ಮರಳಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ನರ ಬಳಿ ಅವರು ಸಂಶೋಧನಾ ವಿದ್ಯಾರ್ಥಿಯಾದರು. ಕನ್ನಡ ನಾಡಿನೊಡನೆ ಅವರ ನಂಟು ಇಲ್ಲಿಂದ ಪ್ರಾರಂಭವಾಯಿತು. ಅಂತರಿಕ್ಷದಿಂದ ಎಡೆಬಿಡದೆ ಭೂಮಿಗೆ ಸುರಿಯುವ ವಿಶ್ವಕಿರಣಗಳು ಹೊತ್ತು ಹೊತ್ತಿಗೆ ಏಕೆ ಹೆಚ್ಚು ಕಡಿಮೆಯಾಗುತ್ತವೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಗೈಗರ್ ಕೊಳವೆಗಳನ್ನು ಹಾದುಹೋಗುವ ಕಣಗಳನ್ನು ತಾಳ್ಮೆಯಿಂದ ಎಣಿಸುವುದೇ ಅವರ ಕಾಯಕವಾಯಿತು. ವಾಯುಮಂಡಲವು ಈ ಕಿರಣಗಳನ್ನು ಬಹುಪಾಲು ತಡೆಯುವುದರಿಂದ, 1943ರಲ್ಲಿ ಕಾಶ್ಮೀರದ ಎತ್ತರದ ಪರ್ವತಗಳಲ್ಲಿಯೂ ಅಳತೆಗಳನ್ನು ನಡೆಸಿದರು. ಪರ್ವತಕ್ಕಿಂತಲೂ ಮೇಲೆ ಹೋಗಬೇಕಾದರೆ ಬಲೂನೋ ರಾಕೆಟ್ಟೋ ಬೇಕಷ್ಟೆ!

1947ರಲ್ಲಿ ಡಾಕ್ಟರೇಟ್ ಪಡೆದು ಬಂದು, ಅದೇ ವರ್ಷ ಅಹಮದಾಬಾದಿನಲ್ಲಿ ಭೌತವಿಜ್ಞಾನ ಸಂಶೋಧನಾಲಯವನ್ನು ಸ್ಥಾಪಿಸಿದರು. ಅದಕ್ಕೆ ಆಗ ಸ್ವಂತ ಕಟ್ಟಡವಿರಲಿಲ್ಲ. ಕಾಲೇಜೊಂದರ ಕೊಠಡಿಗಳಲ್ಲಿ ಕೆಲಸ ನಡೆಯಿತು. ಕಟ್ಟಡವಾದ ಮೇಲೆ ಪ್ರಯೋಗವೆಂದು ಕಾಯುವ ನಮ್ಮಂಥವರು ಇದನ್ನು ಗಮನಿಸಬೇಕು. ಉಡುಪಿ ಸಮೀಪದ ಅದಮಾರಿನ ಯು. ಆರ್. ರಾಯರು ಅವರ ಶಿಷ್ಯರಾಗಿ ವಿಶ್ವಕಿರಣಗಳನ್ನೇ ಅಭ್ಯಸಿಸಿದರು. ಮುಂದೆ ಅಮೇರಿಕೆಯಲ್ಲಿದ್ದು ಪಯೋನಿಯರ್ ಗಗನನೌಕೆಗಳ ಪ್ರಯೋಗಗಳಲ್ಲಿ ತೊಡಗಿದರು.

1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ಪ್ರಥಮ ರಾಕೆಟ್ ಹಾರಿತು. ಅಲ್ಲಿಯ ಇಗರ್ಜಿಯೇ ವಿಜ್ಞಾನಿಗಳ ಕಾರ್ಯಾಲಯವಾಗಿತ್ತು. 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಸಾರಾಭಾಯಿಯವರು ಅಕಾಲಿಕವಾಗಿ ಅಗಲಿದರು. ಆಗ ಅವರಿಗೆ ಐವತ್ತೆರಡು ವರ್ಷ. ಆರ್ಯಭಟವನ್ನು ಅವರು ಕಾಣಲಿಲ್ಲ. ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ಆ 360 ಕಿಲೋ ಉಪಗ್ರಹವು 1975ರ ಏಪ್ರಿಲ್ 19ರಂದು ಮೂರು ವೈಜ್ಞಾನಿಕ ಪ್ರಯೋಗಗಳನ್ನು ಹೊತ್ತು ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಆ ಪ್ರಯೋಗಗಳು ನಿಂತವು. ಆದರೂ ಉಪಗ್ರಹ ಕಟ್ಟುವ ವಿದ್ಯೆ ಕೈವಶವಾಗಿತ್ತು.

ಆ ವಿದ್ಯೆ ಇಂದು ವಿದ್ಯಾರ್ಥಿಗಳ ಕೈಗೂ ಬಂದಿದೆ. 2010ರ ಜುಲೈ 12ರಂದು ಕರ್ನಾಟಕ ಹಾಗೂ ಆಂಧ್ರದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ರಚಿಸಿದ, ಒಂದು ಕಿಲೋ ಕೂಡ ತೂಗದ ಸ್ಟಡ್‌ಸ್ಯಾಟ್ ಕಕ್ಷೆ ಸೇರಿತು. 2024ರ ಡಿಸೆಂಬರ್ 30ರಂದು, ಅಂದರೆ ಸಾರಾಭಾಯಿಯವರ ಪುಣ್ಯತಿಥಿಯಂದೇ, ಹಾರಿದ ಪಿಎಸ್‌ಎಲ್‌ವಿ ರಾಕೆಟ್ಟಿನ ಕೊನೆಯ ಹಂತವನ್ನು ಎಸೆಯದೆ, ಸಣ್ಣ ಪ್ರಯೋಗಗಳ ವೇದಿಕೆಯಾಗಿ ಉಳಿಸಿಕೊಳ್ಳಲಾಯಿತು. ಬೆಂಗಳೂರಿನ ಆರ್. ವಿ. ಕಾಲೇಜಿನ ವಿದ್ಯಾರ್ಥಿಗಳು ಕರುಳಿನ ಸೂಕ್ಷ್ಮಾಣುವಿನ ಬೆಳವಣಿಗೆಯನ್ನು ಪರೀಕ್ಷಿಸುವ ಪೆಟ್ಟಿಗೆಯನ್ನು ಅದರಲ್ಲಿ ಕಳುಹಿಸಿದರು. ಚಿಕ್ಕಬಳ್ಳಾಪುರದಲ್ಲಿ ಶ್ರೀ ಆದಿಚುಂಚನಗಿರಿ ಮಠವು ನಡೆಸುವ ಇಂಜಿನಿಯರಿಂಗ್ ಕಾಲೇಜಿನಿಂದಲೂ ಒಂದು ಉಪಕರಣ ಹೋಯಿತು. ಹವ್ಯಾಸಿ ರೇಡಿಯೋದವರು ನೆಲದಿಂದಲೇ ಅದರ ಸಂದೇಶಗಳನ್ನು ಆಲಿಸುವಂತೆ ಅದನ್ನು ರಚಿಸಲಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ವಿಜ್ಞಾನ ಶಿಕ್ಷಕರು ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದರೆ, ಮಕ್ಕಳು ಮೊದಲು ಕೇಳುವ ಪ್ರಶ್ನೆ ಆ ರೇಡಿಯೋ ಎಲ್ಲಿ ಸಿಗುತ್ತದೆ ಎಂಬುದೇ.