ಮೆಕ್ಯಾನಿಕಲ್ ಓದಿ ಕಣಗಳ ಜಾಡು ಹಿಡಿದ ಹೋಮಿ ಭಾಭಾ

ಗದಗ ಬಸ್ ಸ್ಟ್ಯಾಂಡಿನಾಗ ಅಂಗೈ ಚಾಚಿ ನಿಂತರೆ ಸಾಕು, ಸೆಕೆಂಡಿಗೆ ಸುಮಾರು ಒಂದು ಮ್ಯುವಾನ್ ಕಣ ಅದರ ಜೀವಕೋಶಗಳನ್ನು ದಾಟಿ ನೆಲಕ್ಕಿಳಿಯುತ್ತೆ. ನಮಗೆ ಗೊತ್ತೇ ಆಗಲ್ಲ. ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಇಂಥ ಕಣಗಳ ಬೆನ್ನು ಹತ್ತಿದವರು ಹೋಮಿ ಜಹಾಂಗೀರ್ ಭಾಭಾ.

ಹುಟ್ಟಿದ್ದು ಮುಂಬೈಯಲ್ಲಿ, 1909ರ ಅಕ್ಟೋಬರ್ 30ರಂದು. 1927ರಲ್ಲಿ ಮನೆಯವರು ಕೇಂಬ್ರಿಡ್ಜ್‌ಗೆ ಕಳಿಸಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲಿಕ್ಕೆ. ಮಗ ವಾಪಸ್ ಬಂದು ಜಮ್ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಅನ್ನೋದು ಅವರ ಆಸೆ. ಮಗನ ಮನಸ್ಸು ಮಾತ್ರ ಫಿಸಿಕ್ಸ್ ಕಡೆ. ಅದನ್ನೇ ಅಪ್ಪನಿಗೆ ಪತ್ರ ಬರೆದು ತಿಳಿಸಿದರು. ಮೊದಲು ಎಂಜಿನಿಯರಿಂಗ್‌ನಲ್ಲಿ ಫಸ್ಟ್ ಕ್ಲಾಸ್ ಬರಲಿ, ಆಮೇಲೆ ಫಿಸಿಕ್ಸ್ ಅಂತ ಅಪ್ಪ ಶರತ್ತು ಹಾಕಿದರು. 1930ರಲ್ಲಿ ಫಸ್ಟ್ ಕ್ಲಾಸೂ ಬಂತು, ದಾರಿಯೂ ಬಿಡುವಾಯ್ತು. 1937ರಲ್ಲಿ ವಾಲ್ಟರ್ ಹೈಟ್ಲರ್ ಜೊತೆ ಸೇರಿ, ವಾತಾವರಣದಲ್ಲಿ ಒಂದು ಕಣದಿಂದ ಕಣಗಳ ಮಳೆಯೇ ಹೇಗೆ ಹುಟ್ಟುತ್ತೆ ಅಂತ ಲೆಕ್ಕ ಹಾಕಿ ತೋರಿಸಿದರು.

1939ರಲ್ಲಿ ರಜೆಗೆ ಬಂದಿದ್ದಾಗ ಯುದ್ಧ ಶುರುವಾಯ್ತು. ಇಂಗ್ಲೆಂಡಿಗೆ ಹೋಗೋದು ತಪ್ಪಿತು. ಸಿ.ವಿ. ರಾಮನ್ ಇದ್ದ ಬೆಂಗಳೂರಿನ ಐಐಎಸ್‌ಸಿಯಲ್ಲಿ ರೀಡರ್ ಆದರು. ಅಲ್ಲಿಯವರೆಗೆ ಪೆನ್ನು-ಪೇಪರಿನಲ್ಲೇ ಕೆಲಸ ಮಾಡಿದ್ದವರು ಈಗ ಉಪಕರಣ ಕಟ್ಟಿಸೋಕೆ ಇಳಿದರು. 12 ಇಂಚು ವ್ಯಾಸದ ಕ್ಲೌಡ್ ಚೇಂಬರ್ ತಯಾರಾಯ್ತು. ಅದರೊಳಗಿನ ತೇವದ ಗಾಳಿಯನ್ನು ತಟ್ಟನೆ ಹಿಗ್ಗಿಸಿದರೆ ತಣ್ಣಗಾಗುತ್ತೆ. ಆಗ ಚಾರ್ಜ್ ಇರೋ ಕಣ ಹಾದುಹೋದರೆ ಅದರ ದಾರಿಯುದ್ದಕ್ಕೂ ಅಯಾನುಗಳ ಮೇಲೆ ಸಣ್ಣ ಹನಿ ಕೂಡುತ್ತವೆ. ಮುಂಡರಗಿ ಕಡೆ ಧೂಳಿನ ಹಾದಿಯಾಗ ಹಾವು ಹೋದ ಮೇಲೂ ಗೆರೆ ಉಳಿತದಲ್ಲ, ಹಂಗೇ. ಆ ಗೆರೆಯ ಫೋಟೋ ನೋಡಿ ಹೋದ ಕಣ ಯಾವುದು ಅಂತ ಗುರುತು ಹಿಡಿಯಬಹುದು.

1945ರಲ್ಲಿ ಟಿಐಎಫ್‌ಆರ್ ಶುರುವಾದದ್ದೂ ಬೆಂಗಳೂರಿನಲ್ಲೇ. ಅದೇ ವರ್ಷ ಮುಂಬೈಗೆ ಹೋಯ್ತು. ಭಾಭಾ ಅವರ ಪ್ರೋತ್ಸಾಹದಿಂದ ಕನ್ನಡಿಗ ಬಿ.ವಿ. ಶ್ರೀಕಂಠನ್ ಕೋಲಾರದ ಚಿನ್ನದ ಗಣಿಗೆ ಇಳಿದು ಮ್ಯುವಾನ್ ಅಳೆದರು. 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಕೆಲವೇ ತಿಂಗಳಲ್ಲಿ, 1966ರ ಜನವರಿ 24ರಂದು, ಮಾಂಟ್ ಬ್ಲಾಂಕ್ ಹತ್ತಿರ ವಿಮಾನ ಅಪಘಾತದಲ್ಲಿ ಭಾಭಾ ತೀರಿಕೊಂಡರು. ಆಗ ಅವರಿಗೆ 56 ವರ್ಷ.

ಇವತ್ತು ಜೀವಕೋಶಗಳನ್ನು ಡಿಟೆಕ್ಟರ್ ಹರಳಿನ ಮೇಲೇ ಬೆಳೆಸಿ, ಒಂದೊಂದು ಕಣ ಯಾವ ಕೋಶವನ್ನು ದಾಟಿತು ಅಂತ ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ. ಕ್ಯಾನ್ಸರ್ ಚಿಕಿತ್ಸೆಯ ಸಂಶೋಧನೆಗೆ ಅದು ಬೇಕು. ಇದಕ್ಕೆ ಫಿಸಿಕ್ಸ್ ಗೊತ್ತಿರೋರೂ ಬೇಕು, ಉಪಕರಣ ಕಟ್ಟೋರೂ ಬೇಕು. ಬ್ರ್ಯಾಂಚ್ ತಪ್ಪಾಯ್ತು ಅಂತ ಕೊರಗೋ ಗೆಳೆಯರು ಭಾಭಾ ಅವರ ಆ ಮೊದಲ ಮೂರು ವರ್ಷ ನೆನೆಸಿಕೊಳ್ಳಿ.